ಹುಲ್ಲಿನ ಮೇಲೆ ಎಲೆ, ಹುಲ್ಲಿನೊಳಗೆ ನಾರು

ಬೆಂಗಳೂರಿನಲ್ಲಿ ಎಲೆ ಉದುರುವ ಕಾಲವೆಂದರೆ ಶಿವರಾತ್ರಿಯ ಹಿಂದುಮುಂದು. ಮಹಾಗನಿ ಕೆಲವೇ ದಿನಗಳಲ್ಲಿ ಬೋಳಾಗಿ, ನಾವು ಇನ್ನೊಮ್ಮೆ ತಲೆಯೆತ್ತುವಷ್ಟರಲ್ಲಿ ಚಿಗುರಿ ನಿಂತಿರುತ್ತದೆ. ಹೊಂಗೆ ಹಳದಿ ತಿರುಗಿ ರಾಶಿ ಸುರಿಸಿ ಯುಗಾದಿಯ ಹೊತ್ತಿಗೆ ಹೊಸ ಎಲೆಯಲ್ಲಿ ಮಿರುಗುತ್ತದೆ. ಮಳೆಮರ ತನ್ನ ಕಿರಿದಾದ ಎಲೆಗಳ ಜೊತೆಗೆ ಅಂಟಂಟಾದ ಕರಿಯ ಕಾಯಿಗಳನ್ನೂ ಕೆಡವುತ್ತದೆ. ಬಾದಾಮಿ ಮರ ವರ್ಷಕ್ಕೆ ಎರಡು ಸಲ ಕೆಂಪೇರಿ ಅಂಗೈಗಿಂತ ಅಗಲದ ಎಲೆಗಳನ್ನು ಒಂದೊಂದಾಗಿ ಬಿಡುತ್ತದೆ. ಮನೆಯ ಮುಂದೆ ನಾಲ್ಕು ಚದರ ಹುಲ್ಲುಹಾಸು ಬೆಳೆಸಿಕೊಂಡವರಿಗೆ ಈ ದಿನಗಳಲ್ಲಿ ಒಂದೇ ಚಿಂತೆ. ಅಂಗಡಿಗೆ ಹೋಗಿ ಏನು ತರುವುದು? ಬಿದಿರಿನ ರೇಕೋ, ಕಬ್ಬಿಣದ್ದೋ, ಗಾಳಿ ಊದುವ ಬ್ಲೋವರೋ?

ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಒಂದೇ. ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತುಕೊಳ್ಳಿ. ಬೆರಳಿನಿಂದ ಹುಲ್ಲು ಬಿಡಿಸಿ ನೋಡಿ. ಹುಲ್ಲಿನ ಮೇಲೆ ಬಿದ್ದಿರುವ ಎಲೆ ಬೇರೆ, ಹುಲ್ಲಿನ ಬುಡದಲ್ಲಿ ಕೂತಿರುವ ಒಣನಾರು ಬೇರೆ. ಎಲೆ ಮರದ್ದು; ನಾರು ಆ ಹುಲ್ಲಿನದೇ. ಹಸಿರಿಗೂ ಮಣ್ಣಿಗೂ ನಡುವೆ ಸತ್ತ ಕಾಂಡ, ಹಬ್ಬುಬಳ್ಳಿ, ಬೇರುಗಳು ಹೆಣೆದುಕೊಂಡು ಕಂದು ಬಣ್ಣದ ಪದರವಾಗುತ್ತವೆ. ಇದನ್ನು ಮೈದಾನ ನೋಡಿಕೊಳ್ಳುವವರು ಥ್ಯಾಚ್ ಎನ್ನುತ್ತಾರೆ. ಈ ಎರಡಕ್ಕೂ ಒಂದೇ ಸಲಕರಣೆ ಸಾಕೆಂದು ಹೊರಟರೆ, ಎಲೆ ತೆಗೆಯುವಾಗ ಹುಲ್ಲು ಕಿತ್ತುಬರುತ್ತದೆ, ನಾರು ತೆಗೆಯುವಾಗ ಏನೂ ಬರುವುದಿಲ್ಲ.

ನಾರಿನ ಪದರ ಎಷ್ಟು ದಪ್ಪವಿದೆ ಎಂದು ತಿಳಿಯಲು ಹಳೆಯ ಅಡುಗೆಮನೆ ಚಾಕು ಸಾಕು. ಅಂಗೈಯಗಲ ಜಾಗದಲ್ಲಿ ಮೂರು ಇಂಚು ಆಳಕ್ಕೆ ಕೊಯ್ದು ಒಂದು ತುಂಡು ಎತ್ತಿ, ಪಕ್ಕದಿಂದ ನೋಡಿ. ಕಂದು ಪದರ ಅರ್ಧ ಇಂಚಿನ ಒಳಗಿದ್ದರೆ ಅದನ್ನು ಮುಟ್ಟುವುದು ಬೇಡ. ಅಷ್ಟು ನಾರು ಹುಲ್ಲಿಗೆ ಒಳ್ಳೆಯದೇ. ನಡೆದಾಡುವ ಕಾಲಿನ ಭಾರ ತಡೆಯುತ್ತದೆ, ಬಿಸಿಲಿಗೆ ಮಣ್ಣಿನ ತೇವ ಹಿಡಿದಿಡುತ್ತದೆ. ಅರ್ಧ ಇಂಚು ದಾಟಿದರೆ ನೀರು ಮೇಲೆಯೇ ನಿಂತು ಮಣ್ಣಿಗಿಳಿಯದು, ಬೇರು ಮಣ್ಣು ಬಿಟ್ಟು ನಾರಿನಲ್ಲೇ ಊರಿಕೊಳ್ಳುತ್ತದೆ, ಒಂದು ವಾರ ನೀರು ತಪ್ಪಿದರೂ ಹುಲ್ಲು ಸುಟ್ಟಂತಾಗುತ್ತದೆ. ತುಂಡನ್ನು ಅಲ್ಲೇ ವಾಪಸು ಕೂರಿಸಿ ಕಾಲಲ್ಲಿ ಒತ್ತಿ ನೀರು ಹಾಕಿದರೆ ಗುರುತೂ ಉಳಿಯುವುದಿಲ್ಲ. ಈ ಒಂದು ಕೊಯ್ತದಿಂದ ಎಷ್ಟೋ ಮನೆಗಳಲ್ಲಿ ಯಂತ್ರ ಕೊಳ್ಳುವ ಖರ್ಚೇ ತಪ್ಪಿದೆ.

ಈಗ ಎಲೆಯ ಮಾತು. ರೇಕನ್ನು ಆರಿಸಬೇಕಾದದ್ದು ಮರ ನೋಡಿ. ಬಾದಾಮಿ, ಹಲಸು, ಸಂಪಿಗೆಯಂಥ ಅಗಲ ಎಲೆಗೆ ಹಲ್ಲುಗಳ ನಡುವೆ ಎರಡು ಬೆರಳು ಸಂದಿಯಿದ್ದರೂ ನಡೆಯುತ್ತದೆ, ಬೇಗ ಕೆಲಸ ಮುಗಿಯುತ್ತದೆ. ಹೊಂಗೆ, ಮಹಾಗನಿಗೆ ಸಂದಿ ಇನ್ನೂ ಕಿರಿದಾಗಿರಬೇಕು. ಗುಲ್‌ಮೊಹರ್, ಮಳೆಮರಗಳ ಪುಟ್ಟ ಎಲೆಗಳು ಯಾವ ರೇಕಿಗೂ ಸಿಗುವುದಿಲ್ಲ. ಹುಲ್ಲಿನ ನಡುವೆ ಇಳಿದುಬಿಡುತ್ತವೆ. ಅವಕ್ಕೆ ತೆಂಗಿನ ಗರಿಯ ಕಡ್ಡಿಪೊರಕೆಯೇ ಸರಿ, ಅದೂ ತುದಿ ತುಸು ಸವೆದದ್ದು. ಹೊಸ ಪೊರಕೆಯ ಸೂಜಿತುದಿ ಹುಲ್ಲಿಗೆ ಸಿಕ್ಕಿಕೊಂಡು ಎಳೆಯುತ್ತದೆ. ಮಳೆಮರದ ಎಲೆ ಸ್ವಲ್ಪ ಉಳಿದರೂ ಚಿಂತೆಯಿಲ್ಲ. ಅದು ಬೇಳೆಕಾಳಿನ ಜಾತಿಯ ಮರ, ಎಲೆ ಬೇಗ ಕೊಳೆತು ಮಣ್ಣಿಗೆ ಸಾರಜನಕ ಕೊಡುತ್ತದೆ. ಹೊಂಗೆಯೂ ಹಾಗೆಯೇ.

ಬೀಸಣಿಗೆ ಆಕಾರದ ರೇಕುಗಳಲ್ಲಿ ಮೂರು ಬಗೆ ಸಿಗುತ್ತವೆ. ಪ್ಲಾಸ್ಟಿಕ್ಕಿನದು ಹಗುರ, ಅಗ್ಗ, ಆದರೆ ಬಿಸಿಲಲ್ಲಿ ಬಿಟ್ಟರೆ ಹಲ್ಲು ಮುರಿಯುತ್ತದೆ. ಮುರಿದ ಚೂರು ಹುಲ್ಲಿನಲ್ಲೇ ಉಳಿಯುತ್ತದೆ. ಸ್ಪ್ರಿಂಗ್ ಉಕ್ಕಿನದು ಬಾಳಿಕೆಯದು, ಒದ್ದೆ ಎಲೆಯನ್ನೂ ಎಳೆಯುತ್ತದೆ, ಜೋರು ಕೊಟ್ಟರೆ ಸಡಿಲವಾದ ನಾರನ್ನೂ ಎಬ್ಬಿಸುತ್ತದೆ. ಬಿದಿರಿನದು ಬಾಗುತ್ತದೆ, ಹುಲ್ಲಿನ ಹಬ್ಬುಬಳ್ಳಿಯನ್ನು ಕೀಳದೆ ಅದರ ಮೇಲೆ ಜಾರುತ್ತದೆ. ದಿನಬಳಕೆಗೆ ನನ್ನ ಆಯ್ಕೆ ಬಿದಿರು. ಮಣ್ಣು ಸಮ ಮಾಡುವ ಗಟ್ಟಿಹಲ್ಲಿನ ಕಬ್ಬಿಣದ ರೇಕನ್ನು ಮಾತ್ರ ಹುಲ್ಲಿನ ಮೇಲೆ ಆಡಿಸಬಾರದು. ಅದು ಪಾತಿಗೆ ಮಾಡಿದ್ದು.

ಹಲ್ಲಿಗಿಂತ ಹೆಚ್ಚು ಯೋಚಿಸಬೇಕಾದದ್ದು ಹಿಡಿಯ ಬಗ್ಗೆ. ರೇಕು ಕೊಳ್ಳುವವರು ಮನೆಯ ಯಜಮಾನರು, ಬಳಸುವವರು ತೋಟಕ್ಕೆ ಬರುವ ಹೆಂಗಸು ಅಥವಾ ವಯಸ್ಸಾದ ಮಾಲಿ. ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಆರು ಗಂಟೆಗೆ ಮೊಳದುದ್ದದ ಪೊರಕೆ ಹಿಡಿದು, ಸೊಂಟ ಬಗ್ಗಿಸಿ, ಇಡೀ ಅಂಗಳ ಗುಡಿಸುವ ತಾಯಂದಿರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲಕ್ಷಗಟ್ಟಲೆ ಸುರಿದು ಹುಲ್ಲು ಹಾಸಿಸಿದವರು ಒಂದು ಉದ್ದನೆಯ ಹಿಡಿ ಕಟ್ಟಿಸಿಕೊಡುವುದಿಲ್ಲ. ಹಿಡಿಯನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಬಳಸುವವರ ಗದ್ದದವರೆಗೆ ಬರಬೇಕು. ಆಗ ಬೆನ್ನು ನೆಟ್ಟಗಿಟ್ಟು, ಕಾಲು ಬದಲಿಸಿ, ಎಡಬಲ ಎರಡೂ ಕಡೆಯಿಂದ ಎಳೆಯಬಹುದು. ಆದ್ದರಿಂದ ರೇಕು ಕೊಳ್ಳಲು ಹೋಗುವಾಗ ಅದನ್ನು ಹಿಡಿಯುವವರನ್ನೇ ಕರೆದುಕೊಂಡು ಹೋಗಿ, ಅವರ ಕೈಗೆ ಕೊಟ್ಟು ಎಳೆಸಿ ನೋಡಿ. ಸಲಕರಣೆ ಆರಿಸುವುದೆಂದರೆ ಮೊದಲು ಒಬ್ಬರ ಬೆನ್ನನ್ನು ನೆನೆಯುವುದು ಎಂದೇ ನಾನು ನಂಬಿದ್ದೇನೆ.

ಬ್ಲೋವರ್ ಬೇಕೆನ್ನುವವರೂ ಬೆನ್ನಿನ ಮಾತನ್ನೇ ಮುಂದಿಡುತ್ತಾರೆ, ಅದು ಸುಳ್ಳಲ್ಲ. ಎಕರೆಗಟ್ಟಲೆ ಉದ್ಯಾನಕ್ಕೆ, ಕಲ್ಲುಹಾಸಿನ ದಾರಿಗೆ, ಜಲ್ಲಿಯ ಮೇಲೆ ಬಿದ್ದ ಎಲೆಗೆ ಅದರ ಉಪಯೋಗವಿದೆ. ಮೂವತ್ತು ನಲವತ್ತರ ಸೈಟಿನ ಮುಂದಿನ ಹುಲ್ಲಿಗೆ ಅದು ಬೇಡ. ಪೆಟ್ರೋಲಿನ ಟೂ ಸ್ಟ್ರೋಕ್ ಯಂತ್ರದಲ್ಲಿ ಇಂಧನದ ಒಂದು ಭಾಗ ಉರಿಯದೆಯೇ ಹೊಗೆಯ ಜೊತೆ ಹೊರಬೀಳುತ್ತದೆ. ಅಂಥ ದೊಡ್ಡ ಬ್ಲೋವರನ್ನು ಒಂದು ಗಂಟೆ ನಡೆಸಿದರೆ ಹೊಗೆಮಂಜಿಗೆ ಕಾರಣವಾಗುವ ಮಾಲಿನ್ಯ, 2017ರ ಟೊಯೊಟಾ ಕ್ಯಾಮ್ರಿ ಕಾರನ್ನು ಸುಮಾರು 1,100 ಮೈಲಿ ಓಡಿಸಿದ್ದಕ್ಕೆ ಸಮ ಎಂದು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಲೆಕ್ಕ ಹಾಕಿದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 2022ರ ಆರಂಭದಿಂದ ಪೆಟ್ರೋಲ್ ಬ್ಲೋವರ್‌ಗಳಿಗೆ ನಿಷೇಧವಿದೆ. ಬ್ಯಾಟರಿಯದಕ್ಕೆ ಹೊಗೆಯಿಲ್ಲ, ಸದ್ದೂ ಕಡಿಮೆ. ಆದರೆ ಅದೂ ಫೆಬ್ರುವರಿಯ ಒಣ ಧೂಳನ್ನು ಎಬ್ಬಿಸಿ ಪಕ್ಕದ ಮನೆಯ ಕಿಟಕಿಗೆ ಕಳಿಸುತ್ತದೆ, ಹುಲ್ಲಿನ ಬುಡಕ್ಕೆ ಹಾಕಿದ ಗೊಬ್ಬರದ ಪುಡಿಯನ್ನೂ ಹಾರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಊದಿದ ಎಲೆ ಎಲ್ಲಿಗೆ ಹೋಯಿತು? ಗೇಟಿನಾಚೆ ಚರಂಡಿಗೆ. ಮೊದಲ ಮಳೆಗೆ ಅದೇ ಎಲೆ ಮೋರಿ ಕಟ್ಟುತ್ತದೆ.

ಹುಲ್ಲು ಕತ್ತರಿಸುವ ಯಂತ್ರವಿದ್ದರೆ ಅದರಿಂದಲೇ ಎಲೆ ಪುಡಿ ಮಾಡಬಹುದು, ಆದರೆ ಎಲ್ಲ ಯಂತ್ರದಿಂದಲ್ಲ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಉಣ್ಣೆಬಟ್ಟೆಯ ಮೇಲಿನ ಎಳೆ ಕತ್ತರಿಸುವ ಗಿರಣಿಯಂತ್ರ ನೋಡಿ ರೂಪಿಸಿದ ಉರುಳೆ ಯಂತ್ರದ ಮಾದರಿಯೇ ಇಂದಿಗೂ ನಮ್ಮ ಮನೆಗಳಲ್ಲಿ ಕೈಯಿಂದ ತಳ್ಳುವ ಮೋವರ್. ಅದು ನಿಂತ ಹುಲ್ಲನ್ನು ಕತ್ತರಿಯಂತೆ ಕೊಯ್ಯುತ್ತದೆ. ಬಿದ್ದ ಎಲೆಯನ್ನು ಸುಮ್ಮನೆ ಕೆಳಕ್ಕೆ ಅದುಮಿ ಹೋಗುತ್ತದೆ. ಅಡ್ಡಡ್ಡ ತಿರುಗುವ ಅಲಗಿನ ರೋಟರಿ ಮೋವರ್ ಮಾತ್ರ ಒಣ ಎಲೆಯನ್ನು ಚೂರು ಮಾಡುತ್ತದೆ. ಎಲೆ ಗರಿಗರಿಯಾಗಿರಬೇಕು, ಚೂರುಗಳ ನಡುವೆ ಹುಲ್ಲು ಕಾಣುವಷ್ಟು ತೆಳುವಾಗಿರಬೇಕು. ಮೇಪಲ್, ಓಕ್ ಎಲೆಗಳನ್ನು ಹೀಗೆ ಚೂರು ಮಾಡಿ ಹುಲ್ಲಿನಲ್ಲೇ ಬಿಟ್ಟರೆ ತೊಂದರೆಯಿಲ್ಲವೆಂದು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಕತ್ತರಿಸಿದ ಹುಲ್ಲಿನ ತುದಿಗಳಿಂದಲೇ ನಾರು ಕಟ್ಟುತ್ತದೆಂದು ಹಲವರ ಭಯ. ಹಸಿ ತುದಿಯಲ್ಲಿ ಬಹುಪಾಲು ನೀರೇ; ಅದು ಬೇಗ ಕರಗುತ್ತದೆ. ನಾರಾಗಿ ಉಳಿಯುವುದು ಗಡುಸಾದ ಕಾಂಡ ಮತ್ತು ಬೇರು.

ನಾರು ತೆಗೆಯುವ ಸಲಕರಣೆಗೆ ಹೋಗುವ ಮುಂಚೆ ನಿಮ್ಮದು ಯಾವ ಹುಲ್ಲು ಎಂದು ತಿಳಿಯಬೇಕು. ನಾವು ಗಣೇಶನಿಗೆ ಏರಿಸುವ ಗರಿಕೆಯೇ ಲೋಕವೆಲ್ಲ ಬರ್ಮುಡಾ ಎಂದು ಕರೆಯುವ ಹುಲ್ಲು. ಅದು ನೆಲದ ಮೇಲೂ ನೆಲದೊಳಗೂ ಹಬ್ಬುತ್ತದೆ. ಹಾಗಾಗಿ ನಾರು ಹೆಚ್ಚು ಕಟ್ಟುತ್ತದೆ, ಕೆರೆದರೂ ಒಳಗಿನ ಬೇರುಕಾಂಡದಿಂದ ಮತ್ತೆ ಎದ್ದುಬರುತ್ತದೆ. ಕೊರಿಯನ್ ಹುಲ್ಲೂ ಎರಡು ಬಗೆಯಲ್ಲಿ ಹಬ್ಬುವುದೇ, ಆದರೆ ಬೆಳವಣಿಗೆ ನಿಧಾನ. ಗಾಯ ಮಾಯಲು ಬಹಳ ದಿನ ಬೇಕು. ಅಗಲ ಎಲೆಯ ಬಫಲೊ ಹುಲ್ಲು ಮೇಲಿನ ಬಳ್ಳಿಯಿಂದ ಮಾತ್ರ ಬದುಕುವುದು. ಅದನ್ನು ಜೋರಾಗಿ ಕೆರೆದರೆ ಹುಲ್ಲೇ ಹೋಗುತ್ತದೆ.

ಸಣ್ಣ ಅಂಗಳಕ್ಕೆ ಅರ್ಧಚಂದ್ರದ ಅಲಗುಗಳಿರುವ ಕೈರೇಕು ಸಾಕು. ಎಳೆದಾಗ ಅಲಗು ನಾರನ್ನು ಸೀಳುತ್ತದೆ, ತಳ್ಳಿದಾಗ ತನ್ನಷ್ಟಕ್ಕೆ ಬಿಡಿಸಿಕೊಳ್ಳುತ್ತದೆ. ಶ್ರಮದ ಕೆಲಸ, ತಿಂಡಿ ತಿಂದು ಶುರು ಮಾಡಬೇಕಾದದ್ದು. ಅದಕ್ಕಿಂತ ದೊಡ್ಡ ಜಾಗಕ್ಕೆ ನೆಟ್ಟಗೆ ನಿಂತ ಅಲಗುಗಳು ಗಿರ್ರನೆ ತಿರುಗುವ ವರ್ಟಿಕಟರ್ ಬೇಕು. ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳದವರ ಬಳಿ ಇರುವಂಥದ್ದು. ಗರಿಕೆ ಜಾತಿಗೆ ಅಲಗುಗಳ ಅಂತರ ಒಂದರಿಂದ ಒಂದೂವರೆ ಇಂಚು ಇದ್ದರೆ ಸರಿ. ಬಫಲೊ ಹುಲ್ಲಿಗೆ ಮೂರು ಇಂಚು ಬೇಕು. ಅಂತರ ಬದಲಿಸಲಾಗದ ಯಂತ್ರ, ಆಳ ಬದಲಿಸಲಾಗದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಅಲಗಿನ ತುದಿ ಮಣ್ಣನ್ನು ತುಸು ಗೀರಿದರೆ ಸಾಕು, ಉಳಬಾರದು. ವರ್ಷಕ್ಕೊಂದು ಸಲ, ಕೆಲವೊಮ್ಮೆ ಎರಡು ವರ್ಷಕ್ಕೊಂದು ಸಲ ಬೇಕಾಗುವ ಯಂತ್ರವಿದು. ಬೀದಿಯ ನಾಲ್ಕು ಮನೆ ಸೇರಿ ಬಾಡಿಗೆಗೆ ತರುವುದು ವಿವೇಕ.

ನಮ್ಮ ತೋಟಕ್ಕೆ ಬರುವ ತಾಯಿ ಮಾಲೂರಿನ ಕಡೆಯವರು. ಅಲಗಿನ ರೇಕು ಎಳೆದು ಹುಲ್ಲೆಲ್ಲ ಕೆದರಿದಂತಾಗಿ ನಾನು ಅಳುಕಿದಾಗ ಅವರು ನಗುತ್ತ, “ಏನೂ ಆಗಲ್ಲ ಸಾರ್, ರಾಗಿ ಹೊಲಕ್ಕೆ ಹಲುಬೆ ಹೊಡೆದಂಗೆ ಅಷ್ಟೇ. ಹೊಡೆದ ದಿನ ಹೊಲ ನೋಡೋಕಾಗಲ್ಲ, ಮಳೆ ಬಿದ್ದ ಮೇಲೆ ನೋಡಿ” ಎಂದರು. ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಕಂಡಿಲ್ಲ. ಎಳೆಯ ರಾಗಿಯ ಮೇಲೆ ಹಲ್ಲಿನ ಹಲುಬೆ ಹಾಯಿಸಿದರೆ ದಟ್ಟಣೆ ಕಡಿಮೆಯಾಗಿ, ಮೇಲ್ಮಣ್ಣು ಸಡಿಲಗೊಂಡು, ಉಳಿದ ಪೈರು ತೆಂಡೆ ಒಡೆಯುತ್ತದೆ. ಹುಲ್ಲಿನದೂ ಅದೇ ನಡೆ. ಮಳೆಯ ಮಾತೂ ಸರಿಯೇ. ಗರಿಕೆ, ಕೊರಿಯನ್ ಹುಲ್ಲುಗಳನ್ನು ಕೆರೆಯಬೇಕಾದದ್ದು ಅವು ಭರದಿಂದ ಬೆಳೆಯುವಾಗ. ನಮ್ಮಲ್ಲಿ ಮೇ ಮಳೆ ಬಿದ್ದು ನೆಲ ಹದವಾದ ಮೇಲೆ. ಎಲೆ ಉದುರುವ ಫೆಬ್ರುವರಿಯಲ್ಲೇ ಎರಡೂ ಕೆಲಸ ಮುಗಿಸಿಬಿಡೋಣವೆಂದರೆ ಬಿಸಿಲಿಗೆ ಹುಲ್ಲು ಚೇತರಿಸಿಕೊಳ್ಳದು. ಅಮೆರಿಕದ ಚಳಿ ಸೀಮೆಯಲ್ಲಿರುವ ನಮ್ಮವರು ಈ ಲೆಕ್ಕ ಹಿಡಿಯಬಾರದು. ಅಲ್ಲಿನ ಬ್ಲೂಗ್ರಾಸ್ ತಂಪು ಕಾಲದ ಹುಲ್ಲು, ಅದಕ್ಕೆ ಸೆಪ್ಟೆಂಬರ್ ಸೂಕ್ತ.

ನಾರು ಯಾಕೆ ಕಟ್ಟುತ್ತದೆಂದು ನೋಡದೆ ವರ್ಷವರ್ಷ ಕೆರೆಯುವುದು ವ್ಯರ್ಥ ಶ್ರಮ. ಹಸಿರು ಹೆಚ್ಚಲೆಂದು ಯೂರಿಯಾ ಎರಚುತ್ತಾರೆ. ಕಾಂಡ ಕೊಳೆಯುವ ವೇಗಕ್ಕಿಂತ ಬೆಳೆಯುವ ವೇಗ ಹೆಚ್ಚುತ್ತದೆ. ಹುಳುವಿಗೆಂದು ಔಷಧ ಸುರಿಯುತ್ತಾರೆ. ನಾರನ್ನು ತಿಂದು ಮಣ್ಣಿಗೆ ಬೆರೆಸುವ ಎರೆಹುಳವೂ ಸಾಯುತ್ತದೆ. ಎರೆಹುಳ ಸಮೃದ್ಧವಾಗಿರುವ ಹುಲ್ಲುಹಾಸಿನಲ್ಲಿ ಕೆರೆಯುವ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಗುಡಿಸಿದ ಎಲೆಯನ್ನು ಸುಡಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ದಂಡದ ಮಾತು ಹಾಗಿರಲಿ, ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಇರುವುದು ಇದೇ ಎಲೆಗಾಗಿ. ಅಲ್ಲಿ ಒಣಗಿದ ದರಕನ್ನು ಗುಡಿಸಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ನಗರದಲ್ಲಿ ಅದು ಮನೆಬಾಗಿಲಿಗೇ ಬಿದ್ದಿರುತ್ತದೆ. ಮೂರಡಿ ಅಗಲಕ್ಕೆ ತಂತಿಜಾಲರಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ, ಎಲೆ ತುಂಬಿ, ಸಗಣಿನೀರು ಚಿಮುಕಿಸಿ, ಒಣಗದಂತೆ ನೋಡಿಕೊಂಡರೆ ಸಾಕು. ಹೊಂಗೆ ಬೇಗ ಕೊಳೆಯುತ್ತದೆ, ಬಾದಾಮಿ ತಡ. ಚೂರು ಮಾಡಿ ಹಾಕಿದರೆ ತಡವೂ ಕಡಿಮೆಯಾಗುತ್ತದೆ. ಮೇ ಮಳೆಯ ನಂತರ ನಾರು ಕೆರೆದ ಅಂಗಳದ ಮೇಲೆ, ಹೋದ ವರ್ಷದ ಎಲೆಗೊಬ್ಬರವನ್ನು ಜರಡಿ ಹಿಡಿದು, ಮರಳಿನ ಜೊತೆ ಬೆರೆಸಿ, ಕಾಲು ಇಂಚಿಗಿಂತ ದಪ್ಪವಾಗದಂತೆ ಹರಡಬೇಕು. ಬಿದಿರಿನ ರೇಕನ್ನು ಮಗುಚಿ ಅದರ ಬೆನ್ನಿನಿಂದ ಮೆಲ್ಲಗೆ ಉಜ್ಜಿದರೆ ಗೊಬ್ಬರ ಹುಲ್ಲಿನ ನಡುವೆ ಇಳಿಯುತ್ತದೆ. ಅದಕ್ಕೆಂದು ಬೇರೆ ಸಲಕರಣೆ ಕೊಳ್ಳಬೇಕಾಗಿಲ್ಲ.