ಟ್ರೇಲರ್ ಪಕ್ಕದ ನೆರಳು

ಯಾದಗಿರಿ ಊರು ಬಿಟ್ಟು ಭೀಮಾ ನದಿಯ ಸೇತುವೆ ದಾಟಿದರೆ ಶಹಾಪುರದ ದಾರಿ. ಎರಡೂ ಬದಿಗೆ ಜೋಳ, ತೊಗರಿ, ಹತ್ತಿಯ ಹೊಲಗಳು. ಕಾಲುವೆ ನೀರು ಹರಿದಲ್ಲಿ ಭತ್ತ. ಮರಗಳು ಮಾತ್ರ ಕಡಿಮೆ. ದೂರದ ಬೆಟ್ಟಸಾಲು ಮಲಗಿದ ಬುದ್ಧನ ಆಕಾರದಲ್ಲಿ ಕಾಣತೊಡಗಿದರೆ ಶಹಾಪುರ ಹತ್ತಿರವಾಯಿತೆಂದು ತಿಳಿಯಬೇಕು.

ಕಳೆದ ಫೆಬ್ರುವರಿ ಎರಡನೆಯ ವಾರದಲ್ಲಿ ಎಂಟನೆಯ ತರಗತಿಯ 18 ಹುಡುಗರನ್ನು ಕರೆದುಕೊಂಡು ಈ ದಾರಿಯಲ್ಲಿ ಮೂರು ದಿನದ ಪ್ರವಾಸ ಹೊರಟೆವು. ಶಹಾಪುರ, ಸುರಪುರ, ಕೊನೆಗೆ ಬೋನಾಳ ಕೆರೆಯ ಹಕ್ಕಿಗಳು ಎಂಬುದು ನಮ್ಮ ಯೋಜನೆ. ಮಕ್ಕಳು ಬಸ್ಸಿನಲ್ಲಿ ಬಂದರು. ಡೇರೆ, ಪಾತ್ರೆ, ಹಾಸಿಗೆಗಳು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬಂದವು. ಟ್ರೇಲರಿನಲ್ಲಿ ಮಕ್ಕಳನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅದು ನಿಂತ ಮೇಲೆ ಅದರ ಪಕ್ಕಕ್ಕೊಂದು ನೆರಳು ಕಟ್ಟಿ ಅಡುಗೆ ಸಾಮಾನು, ಊಟ, ಪಾಠ ಎಲ್ಲವನ್ನೂ ಅಲ್ಲೇ ನಡೆಸಬೇಕೆಂದುಕೊಂಡಿದ್ದೆ. ಜಾತ್ರೆಗೆ ಬಂದ ಕುಟುಂಬಗಳು ಬಂಡಿಯ ಪಕ್ಕಕ್ಕೆ ತಾಡಪತ್ರಿ ಎಳೆದು ಕಟ್ಟಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಅದರಲ್ಲೇನು ಕಷ್ಟ ಎಂಬ ಧೈರ್ಯ.

ಮೊದಲ ದಿನ ಶಹಾಪುರದ ಗುಡ್ಡದ ಬುಡದಲ್ಲಿ, ಪರಿಚಯದ ರೈತರೊಬ್ಬರ ಖಾಲಿ ಹೊಲದಲ್ಲಿ ಇಳಿದುಕೊಂಡೆವು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ತಾಡಪತ್ರಿಯ ಒಂದಂಚನ್ನು ಟ್ರೇಲರಿಗೂ ಇನ್ನೊಂದನ್ನು ಎರಡು ಬಿದಿರ ಗಳಗಳಿಗೂ ಕಟ್ಟಿ, ಮಂಚದ ಮೇಲಿನ ಹೊದಿಕೆಯಂತೆ ಸಮತಟ್ಟಾಗಿ ಬಿಗಿದೆ. ಗಳದ ಬುಡದಲ್ಲೇ ಗೂಟ ಹೊಡೆದು ಹಗ್ಗವನ್ನು ನೆಟ್ಟಗೆ ಕೆಳಕ್ಕೆ ಎಳೆದೆ. ನೋಡಲು ಚೆಂದವಾಗಿತ್ತು. ಸಂಜೆ ಐದರ ಹೊತ್ತಿಗೆ ಬೀಸಿದ ಒಂದೇ ಗಾಳಿಗೆ ತಾಡಪತ್ರಿ ಹೊಟ್ಟೆಯುಬ್ಬಿಸಿ ಮೇಲೆದ್ದಿತು. ಗೂಟಗಳು ಕಿತ್ತುಬಂದವು. ಬಿದಿರು ತಿರುಗಿ ಬಿದ್ದು ಒಬ್ಬ ಹುಡುಗನ ಭುಜಕ್ಕೆ ಬಡಿಯಿತು.

ಕೂಡಲೇ ವೈದ್ಯರಿಗೆ ತೋರಿಸಿದೆವು, ಮೂಳೆಗೆ ಪೆಟ್ಟಾಗಿರಲಿಲ್ಲ. ಹುಡುಗನ ತಂದೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಕ್ಕಳಿಗೆ ಬಲ, ಒತ್ತಡ ಎಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ತನ್ನ ತಲೆಯ ಮೇಲಿನ ಬಟ್ಟೆಯ ಲೆಕ್ಕ ಗೊತ್ತಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಬಲ ಎಂಬ ಅಂದಾಜು ಸಿಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿ ಎಂದರೆ ಸೆಕೆಂಡಿಗೆ 10 ಮೀಟರ್; ಬಲ 60 ನ್ಯೂಟನ್. ನಮ್ಮ ತಾಡಪತ್ರಿ 12 ಚದರ ಮೀಟರ್. ಒಟ್ಟು 720 ನ್ಯೂಟನ್, ಅಂದರೆ ಸುಮಾರು 73 ಕಿಲೋ ಭಾರವನ್ನು ಎತ್ತುವಷ್ಟು ಬಲ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಗೇಣುದ್ದದ ಗೂಟಗಳು ಇದಕ್ಕೆ ಏನು ಮಾಡಿಯಾವು?

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹುಡುಗನ ತಂದೆ ಬಂದರು. ಒಕ್ಕಲುತನದವರು. "ಮಗನ್ನ ಕರಕೊಂಡು ಹೋಗಾಕ ಬಂದೀನ್ರಿ ಸರ" ಎಂದರು. ನಾನು ಏನೂ ಹೇಳಲಿಲ್ಲ. ಹೇಳಲು ಬಾಯಿಯೂ ಇರಲಿಲ್ಲ. ಮಗನ ಭುಜ ಮುಟ್ಟಿ ನೋಡಿ, ಚಹಾ ಕುಡಿದು, ಬಿದ್ದ ತಾಡಪತ್ರಿಯ ಸುತ್ತ ಒಂದು ಸುತ್ತು ಹಾಕಿದರು. ಉಳಿದ ಒಂದು ಗೂಟವನ್ನು ಎರಡು ಬೆರಳಲ್ಲಿ ಕಿತ್ತು ನನ್ನ ಕೈಗೆ ಕೊಟ್ಟರು.

"ಈ ನೆಲದಾಗ ಗೂಟ ನಿಲ್ಲಂಗಿಲ್ರಿ. ಮ್ಯಾಲ ಗೇಣು ಮಣ್ಣು, ಕೆಳಗ ಬರೇ ಕಲ್ಲು. ಬಣವಿಗೆ ನಾವು ಗೂಟ ಹೊಡೀತೀವೇನ್ರಿ? ಹಗ್ಗಕ್ಕ ಕಲ್ಲು ಕಟ್ಟಿ ಇಳಿಬಿಡ್ತೀವಿ."

ಅವರು ಹೇಳಿದಂತೆ, ಮಕ್ಕಳ ಕೈಯಿಂದಲೇ ಮತ್ತೆ ಕಟ್ಟಿಸಿದೆವು. ನೀವೂ ಕಟ್ಟಬಹುದಾದ್ದರಿಂದ ಕ್ರಮವನ್ನು ಹೇಳುತ್ತೇನೆ.

ಮೊದಲು ದಿಕ್ಕು. ಟ್ರೇಲರನ್ನು ಉತ್ತರ ದಕ್ಷಿಣವಾಗಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ನೆರಳನ್ನು ಪೂರ್ವದ ಬದಿಗೆ ಕಟ್ಟಬೇಕು. ಫೆಬ್ರುವರಿಯ ಸಂಜೆ ನಾಲ್ಕೂವರೆಗೆ ನಮ್ಮಲ್ಲಿ ಸೂರ್ಯ ದಿಗಂತದಿಂದ 24 ಡಿಗ್ರಿ ಮಾತ್ರ ಮೇಲಿರುತ್ತಾನೆ. ಪಶ್ಚಿಮಕ್ಕೆ ಕಟ್ಟಿದರೆ ಬಿಸಿಲು ಕೆಳಗಿನಿಂದ ನುಗ್ಗುತ್ತದೆ. ಪೂರ್ವಕ್ಕೆ ಕಟ್ಟಿದರೆ ಟ್ರೇಲರೇ ಗೋಡೆಯಾಗುತ್ತದೆ.

ಎರಡನೆಯದು ಇಳಿಜಾರು. ಟ್ರೇಲರಿನ ಕಡೆ ಎಂಟು ಅಡಿ, ಹೊರಗಡೆ ಆರು ಅಡಿ ಎತ್ತರ. ಅಂಚಿನ ತೂತು ಹರಿದಿದ್ದರೆ ಆ ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲಿಟ್ಟು, ತಾಡಪತ್ರಿಯನ್ನು ಅದರ ಸುತ್ತ ಮಡಚಿ, ಕುತ್ತಿಗೆಗೆ ಹಗ್ಗ ಬಿಗಿಯಬೇಕು. ಇಳಿಜಾರಿಲ್ಲದಿದ್ದರೆ ಮಳೆ ನೀರು ನಡುವೆ ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೆ ಅದರ ತೂಕ 100 ಕಿಲೋ.

ಮೂರನೆಯದು ಹಗ್ಗ. ಗಳ ಎಷ್ಟು ಎತ್ತರವೋ ಅದರ ಬುಡದಿಂದ ಅಷ್ಟೇ ದೂರಕ್ಕೆ ಹಗ್ಗ ಎಳೆಯಬೇಕು. ಆಗ 45 ಡಿಗ್ರಿ ಕೋನ ತಾನಾಗಿಯೇ ಬರುತ್ತದೆ. ಗೂಟದ ಬದಲು ಗೊಬ್ಬರದ ಖಾಲಿ ಚೀಲಕ್ಕೆ ಅರ್ಧ ಉಸುಕು ತುಂಬಿ ಕಟ್ಟಿದೆವು. ಸುಮಾರು 25 ಕಿಲೋದ ನಾಲ್ಕು ಚೀಲಗಳು ಹೊರ ಅಂಚಿಗೆ. ಮಿಕ್ಕ ಅರ್ಧ ಭಾರ ಟ್ರೇಲರಿನದು. ಇನ್ನೂ ಜೋರು ಗಾಳಿಯೋ ಗುಡುಗೋ ಬಂದರೆ ಹಟ ಮಾಡದೆ ಬಿಚ್ಚಿ ಮಡಚಿ, ಕಟ್ಟಡದೊಳಗೆ ಹೋಗಬೇಕು. ಒಲೆಯನ್ನು ಯಾವಾಗಲೂ ಇಪ್ಪತ್ತು ಅಡಿ ದೂರ ಹೂಡಬೇಕು.

ನಾಲ್ಕನೆಯದು ತಂಪು. ಬಿಸಿಲಿಗೆ ಕಾದ ತಾಡಪತ್ರಿ ತಾನೇ ಕೆಳಕ್ಕೆ ಶಾಖ ಬೀರುತ್ತದೆ. ಅದರ ಕೆಳಗೆ ಒಂದು ಗೇಣು ಬಿಟ್ಟು ಹಳೆಯ ಸೀರೆ ಕಟ್ಟಿದರೆ ನಡುವಿನ ಗಾಳಿ ಆ ಶಾಖವನ್ನು ಹೊತ್ತೊಯ್ಯುತ್ತದೆ. ಬದಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಇನ್ನೂ ಹಿತ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ.

ಕಟ್ಟಿ ಮುಗಿದ ಮೇಲೆ ಆ ತಂದೆ ನಾಲ್ಕೂ ಹಗ್ಗಗಳನ್ನು ಎಳೆದು ನೋಡಿದರು. ಮಗನ ಕಡೆ ತಿರುಗಿ, "ಹಗ್ಗ ನೀನ ನೋಡ್ಕೋ ತಮ್ಮಾ" ಎಂದು ಹೇಳಿ, ಬುತ್ತಿಯ ಗಂಟನ್ನು ನಮಗೇ ಬಿಟ್ಟು ಒಬ್ಬರೇ ಬಸ್ಸು ಹತ್ತಿದರು.

ಅಂದು ಶಹಾಪುರದ ಸಮೀಪದ ವಿಭೂತಿಹಳ್ಳಿಗೆ ಹೋದೆವು. ಅಲ್ಲಿ ಬೃಹತ್ ಶಿಲಾಯುಗದ ಜನ ಬಯಲಿನಲ್ಲಿ ದುಂಡು ಕಲ್ಲುಗಳನ್ನು ಸಾಲು ಸಾಲಾಗಿ ಜೋಡಿಸಿದ್ದಾರೆ. ಪಕ್ಕದ ಬಯಲಿನಲ್ಲಿ ಒಂದು ಮೀಟರ್ ಕೋಲು ನೆಟ್ಟು ಮಕ್ಕಳು ನೆರಳು ಅಳೆದರು. ಅತಿ ಗಿಡ್ಡ ನೆರಳು 58 ಸೆಂ.ಮೀ.; ಆಗ ಗಡಿಯಾರದಲ್ಲಿ ಹನ್ನೆರಡಲ್ಲ, 12 ಗಂಟೆ 37 ನಿಮಿಷ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಸೂರ್ಯ ನಮ್ಮ ನೆತ್ತಿಗೆ ಬರುವುದು ಅದಕ್ಕಿಂತ 23 ನಿಮಿಷ ತಡವಾಗಿ. ಉಳಿದ 14 ನಿಮಿಷ ಭೂಮಿಯ ಪಥದಿಂದಾಗಿ ಫೆಬ್ರುವರಿಯಲ್ಲಿ ಬರುವ ವ್ಯತ್ಯಾಸ. ಪುಸ್ತಕದಲ್ಲಿ ಇದನ್ನು ಹತ್ತು ಸಲ ಹೇಳಿದರೂ ಮಕ್ಕಳು ನಂಬಿರಲಿಲ್ಲ; ಕೋಲು ಹೇಳಿದ್ದನ್ನು ನಂಬಿದರು.

ಸಂಜೆಗೆ ಸುರಪುರ. ಗುಡ್ಡದ ಮೇಲೆ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ ಇಲ್ಲಿದ್ದ ಟೇಲರ್, ಬಾಲಕ ರಾಜಾ ವೆಂಕಟಪ್ಪ ನಾಯಕನನ್ನು ಅಕ್ಕರೆಯಿಂದ ಬೆಳೆಸಿದ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಪ್ರಾಣ ಕಳೆದುಕೊಂಡ. ಆ ಕಾಲದ ಅಧಿಕಾರಿಗಳ ಡೇರೆಗಳಿಗೂ ನಡುವೆ ಗಾಳಿ ಬಿಟ್ಟ ಎರಡು ಪದರದ ಛಾವಣಿ ಇರುತ್ತಿತ್ತು ಎಂದಾಗ, "ನಮ್ಮ ಸೀರೆಯ ಹಾಗೆಯೇ ಸರ್" ಎಂದ ಒಬ್ಬ ಹುಡುಗ.

ಸುರಪುರದಲ್ಲಿ ನೆರಳು ಕಟ್ಟಲು ಮಕ್ಕಳಿಗೆ ಬೇಕಾದದ್ದು ನಲವತ್ತು ನಿಮಿಷ. ಆ ಸಂಜೆಯೂ ಗಾಳಿ ಬೀಸಿತು. ಪೆಟ್ಟು ತಿಂದಿದ್ದ ಹುಡುಗ ಊಟ ಬಿಟ್ಟೆದ್ದು ನಾಲ್ಕೂ ಚೀಲಗಳನ್ನು ಮುಟ್ಟಿ ನೋಡಿ ಬಂದು ಮತ್ತೆ ರೊಟ್ಟಿ ಮುರಿದ. ತಾಡಪತ್ರಿ ಪಟಪಟ ಎಂದಿತು, ಏಳಲಿಲ್ಲ. ಬೆಳಿಗ್ಗೆ ಬೋನಾಳಕ್ಕೆ ಹೊರಟಾಗ ಗಂಟು ಬಿಚ್ಚಿದವನೂ ಅವನೇ.

ತಂದೆ ತಾಯಂದಿರಲ್ಲಿ ನನ್ನದೊಂದು ಮಾತು. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವಾಗ ಜೊತೆಗೆ ಬರುವ ಮೇಷ್ಟ್ರನ್ನು, "ಗಾಳಿ ಬಂದರೆ ಏನು ಮಾಡುತ್ತೀರಿ?" ಎಂದು ಕೇಳಿ. ಕೇಳಿದರೆ ನಮಗೆ ಬೇಸರವಿಲ್ಲ. ನಿಮಗೆ ಗೊತ್ತಿರುವ ಗಂಟು, ಕಟ್ಟು ಇದ್ದರೆ ಬಂದು ನಮಗೂ ಕಲಿಸಿ.