ಮೇಲಿನ ತಟ್ಟೆ

ಶಿಡ್ಲಘಟ್ಟದ ರೇಷ್ಮೆ ಕೆಲಸದವರ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ದಿನ ಕಡಿಮೆ. ಅಬ್ಬಾ ಗೂಡಿನ ಮಾರುಕಟ್ಟೆಯಿಂದ ಬರುವುದು ಒಂದು ಹೊತ್ತು, ಅಮ್ಮಿ ಫಿಲೇಚರ್‌ನಿಂದ ಬರುವುದು ಇನ್ನೊಂದು ಹೊತ್ತು. ಅದಕ್ಕೇ ನಾನಿ ಅನ್ನ, ಸಾರು ತಟ್ಟೆಗಳಿಗೆ ಹಾಕಿ, ಒಂದರ ಮೇಲೊಂದು ಮುಚ್ಚಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಇಡುತ್ತಾರೆ. ಹಬೆ ತಾಗುವ ಕೆಳಗಿನ ತಟ್ಟೆ ಅಬ್ಬಾಗೆ. ನಡುವಿನವು ನನಗೂ ತಮ್ಮನಿಗೂ. ಉಗುರುಬೆಚ್ಚಗಿನ ಮೇಲಿನ ತಟ್ಟೆ ಅಮ್ಮಿಯದು. ದಿನವಿಡೀ ಬಿಸಿನೀರಲ್ಲಿ ಕೈಯಿಟ್ಟು ನೂಲು ತೆಗೆಯುವವರಿಗೆ ಆರಿದ ಊಟ.

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದ ಮೇಲೂ ಉಳಿಯಬಲ್ಲವು. ಅನ್ನ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟೆಗಟ್ಟಲೆ ಇದ್ದರೆ ಅವು ಬೆಳೆದು ವಿಷ ಬಿಡಬಹುದು. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಆರಿದ ಊಟ ಬರೀ ರುಚಿಯ ಮಾತಲ್ಲ.

ಇದನ್ನು ಹೇಳಿದಾಗ ನಾನಿ, "ಅವಳೇ ಅಲ್ವಾ ಕೊನೆಗೆ ಬರೋದು" ಅಂದರು. ಈಗ ಅಮ್ಮಿ ಬರುವ ಅರ್ಧ ಗಂಟೆ ಮೊದಲು ಅವರ ಪಾಲಿನ ಅನ್ನಕ್ಕೆ ನಾನೇ ಇಡುತ್ತೇನೆ. "ಗ್ಯಾಸ್ ದಂಡ" ಎಂದು ಗೊಣಗುತ್ತಲೇ ಬಿಸಿಬಿಸಿ ಉಣ್ಣುತ್ತಾರೆ.

ನಿಮ್ಮ ಮನೆಯಲ್ಲಿ ಮೇಲಿನ ತಟ್ಟೆ ಯಾರದು?