ತೊಟ್ಟಿಲೂ ಹೊಲಿಗೆಯ ಯಂತ್ರವೂ

ಹೆಗ್ಗನಹಳ್ಳಿಯ ಬೀದಿಗಳಿಂದ ಪ್ರಾತಃಕಾಲದಲ್ಲಿ ಬುತ್ತಿಯ ಡಬ್ಬಿ ಹಿಡಿದ ಸ್ತ್ರೀಯರು ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ನಡೆಯುವರು. ಎಳೆಗೂಸನ್ನು ನೆರೆಯವಳ ಮಡಿಲಿಗಿತ್ತು ಬಂದವಳ ಕೈ ಹೊಲಿಗೆಯ ಮೇಲಿದ್ದರೂ ಕಿವಿಯು ಮನೆಯ ಕಡೆಗೇ ಇರುವುದು. ಈ ಸಂಕಟವನ್ನು ಶಾಸನವು ಅರಿಯದೆ ಇಲ್ಲ. 1948ರ ಕಾರ್ಖಾನೆಗಳ ಕಾಯಿದೆಯು 50ಕ್ಕೆ ಮೇಲ್ಪಟ್ಟು ಸ್ತ್ರೀಯರು ದುಡಿಯುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವನ್ನು ವಿಧಿಸಿತು. 1976ರಲ್ಲಿ ಆ ಸಂಖ್ಯೆಯು 30ಕ್ಕೆ ಇಳಿಯಿತು. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯು, ತಾಯಿಯು ದಿನಕ್ಕೆ 4 ಬಾರಿ ಮಗುವನ್ನು ನೋಡಿಬರಬಹುದೆಂದಿತು. ಆದರೆ ಗಂಟೆಗಿಷ್ಟು ಉಡುಪೆಂದು ಎಣಿಸುವ ಮೇಲ್ವಿಚಾರಕನಿಗಂಜಿ ಆಕೆ ಏಳದೇ ಉಳಿದರೆ, ತೊಟ್ಟಿಲಿದ್ದೂ ಫಲವೇನು? ಹಾಜರಿಪಟ್ಟಿಗೆ ಸೇರಿಸಿಕೊಳ್ಳುವುದು ಬೇರೆ, ತಮ್ಮವರೊಳಗೆ ಸೇರಿಸಿಕೊಳ್ಳುವುದು ಬೇರೆ. ದಿನದ ಲೆಕ್ಕದಲ್ಲಿ ಆ ನಾಲ್ಕು ಭೇಟಿಗಳಿಗೂ ಎಡೆಯಿಟ್ಟ ಯಜಮಾನನೇ ಆಕೆಯನ್ನು ನಿಜವಾಗಿ ಸೇರಿಸಿಕೊಂಡವನು.